ಬೇರಿಗೊಂದು ಬಿಲ್ಲು

ಮುಂಬೈನ ಬೊರಿವಲಿಯ ಹೌಸಿಂಗ್ ಸೊಸೈಟಿಗಳಲ್ಲಿ ಈಗ ಮರಗಳಿಗೂ ಟಾನಿಕ್ ಕಾಲ. ಲಾನು ಕತ್ತರಿಸಲು ಬರುವ ಮಾಲಿಯೇ ಡಾಕ್ಟರು. ‘ಗುಲ್‌ಮೊಹರ್‌ಗೆ ವೀಕ್‌ನೆಸ್’ ಎಂದು ಘೋಷಿಸಿ 19:19:19 ಗೊಬ್ಬರದ ಪೊಟ್ಟಣ ಬಿಚ್ಚುತ್ತಾನೆ. ಲಾನು ಎಂದರೆ ಎರಡು ಚಾಪೆಯಷ್ಟು ಹುಲ್ಲು; ಉಳಿದದ್ದೆಲ್ಲ ಪಾರ್ಕಿಂಗ್. ‘ನಮ್ಮ ಫ್ಲಾಟಿನಿಂದ ಮರವೇ ಕಾಣೋದಿಲ್ಲ, ಟಾನಿಕ್ಕಿಗೆ ನಾವ್ಯಾಕೆ ದುಡ್ಡು ಕೊಡಬೇಕು?’ ಎಂದರು ಹಿಂಬದಿಯವರು, ಜನರಲ್ ಬಾಡಿ ಸಭೆಯಲ್ಲಿ.

ಮಾಲಿ ಗೊಬ್ಬರ ಸುರಿಯುವುದು ಕಾಂಡದ ಬುಡಕ್ಕೇ. ಉಣ್ಣುವ ಎಳೆಬೇರುಗಳೋ ಕೊಂಬೆಗಳ ನೆರಳಿನಂಚಿನವರೆಗೂ, ಅದರಾಚೆಗೂ ಹರಡಿರುತ್ತವೆ. ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ. ಅಂದರೆ ಸರಿಯಾಗಿ ಸೆಕ್ರೆಟರಿಯವರ ಕಾರಿನಡಿ. ಪೇವರ್ ಬ್ಲಾಕ್ ಕೀಳಬೇಕು ಎಂದವರಿಗೆ ಚಹಾ ಸಿಗಲಿಲ್ಲ. ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ದಿಲ್ಲಿಗೆ ಆದೇಶಿಸಿತ್ತು. ಆ ಆದೇಶ ವಿರಾರ್ ಫಾಸ್ಟ್ ಲೋಕಲ್ ರೈಲು ಹತ್ತಿರಬೇಕು. ಬೊರಿವಲಿಯಲ್ಲಿ ಇಳಿಯಲು ಜನ ಬಿಟ್ಟಿಲ್ಲ.

ಪಕ್ಕದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಕಾಡು ತನ್ನ ತರಗೆಲೆಯನ್ನೇ ಉಂಡು ಕೊಬ್ಬಿದೆ. ನಮ್ಮಲ್ಲಿ ಉದುರಿದೆಲೆಯನ್ನು ಅದೇ ಮಾಲಿ ಗುಡಿಸಿ ಕಸದ ಗಾಡಿಗೆ ತುಂಬುತ್ತಾನೆ. ಅದಕ್ಕೆ ಬೇರೆ ಬಿಲ್ಲು.