ಎರಡನೇ ಸಲ ಬಡಿಸದ ಊಟ

ಮೊದಲು ಫೋನ್ ಬರುತ್ತದೆ. "ಸರ್, ಶನಿವಾರ ರಾತ್ರಿ ನಾಲ್ಕು ಜನಕ್ಕೆ ಟೇಬಲ್ ಬುಕ್ ಮಾಡಿದ್ದೀರಿ. ಏನಾದರೂ ವಿಶೇಷವಾ? ಯಾರಿಗಾದರೂ ಅಲರ್ಜಿ ಇದೆಯಾ?" ಟೇಸ್ಟಿಂಗ್ ಮೆನು ಬಡಿಸುವ ಹೋಟೆಲಿನವರು ಈ ಎರಡು ಪ್ರಶ್ನೆ ಕೇಳದೆ ಒಲೆ ಹಚ್ಚುವುದಿಲ್ಲ. ಅಪ್ಪ ಅಮ್ಮನ ಮದುವೆಯ ಬೆಳ್ಳಿಹಬ್ಬ ಎಂದು ಮಗ ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಅಲರ್ಜಿಯ ವಿಷಯ ಅಷ್ಟು ಸಲೀಸಲ್ಲ, ಅಮ್ಮನನ್ನು ಕೇಳಬೇಕು. ಅಲರ್ಜಿ ಅಂತ ಏನೂ ಇಲ್ಲ ಬಿಡು, ಆದರೆ ಬದನೆಕಾಯಿ ನಂಜು, ಅಣಬೆ ವಾಸನೆ ಆಗೋದಿಲ್ಲ, ಶನಿವಾರ ಈರುಳ್ಳಿ-ಬೆಳ್ಳುಳ್ಳಿ ಇಲ್ಲ, ರಾತ್ರಿ ಮೊಸರು ಹಾಕಿದರೆ ನಿಮ್ಮಪ್ಪನಿಗೆ ಬೆಳಗಿನ ತನಕ ಕೆಮ್ಮು. ಆ ಕಡೆಯ ಹುಡುಗಿ ಎಲ್ಲವನ್ನೂ ಬರೆದುಕೊಂಡು, "ಶೆಫ್ ಹತ್ತಿರ ಮಾತಾಡ್ತೀನಿ ಸರ್" ಎಂದು ಫೋನ್ ಇಡುತ್ತಾಳೆ. ಆ ಶೆಫ್‌ಗೆ ಅವತ್ತು ರಾತ್ರಿ ನಿದ್ದೆ ಬರುವುದು ಕಷ್ಟ.

ಈ ಊಟದಲ್ಲಿ ತಿನ್ನುವವರಿಗೆ ಆಯ್ಕೆ ಇಲ್ಲ. ಎಂಟೋ ಹತ್ತೋ ಹದಿನೈದೋ ತಟ್ಟೆ, ಅಡುಗೆಯವನು ಇಟ್ಟದ್ದೇ ಕ್ರಮ. ಯುರೋಪಿನ ಸಿರಿವಂತರೂ ಮೊದಲಿನಿಂದ ಹೀಗೆ ಒಂದೊಂದಾಗಿ ಉಂಡವರಲ್ಲ. ಫ್ರಾನ್ಸಿನ ಔತಣಗಳಲ್ಲಿ ಹತ್ತಾರು ಬಗೆಯನ್ನು ಒಟ್ಟಿಗೇ ಮೇಜಿನ ಮೇಲೆ ಜೋಡಿಸುತ್ತಿದ್ದರು. ನೋಡುವುದಕ್ಕೆ ವೈಭವ, ತಿನ್ನುವ ಹೊತ್ತಿಗೆ ಎಲ್ಲ ತಣ್ಣಗೆ. ಒಂದಾದ ಮೇಲೆ ಒಂದು, ಬಿಸಿಬಿಸಿಯಾಗಿ ತಂದಿಡುವ ಪದ್ಧತಿಯನ್ನು ಪ್ಯಾರಿಸ್ಸಿಗೆ ತೋರಿಸಿದ ಕೀರ್ತಿ 1810ರ ಸುಮಾರಿಗೆ ಅಲ್ಲಿದ್ದ ರಷ್ಯಾದ ರಾಯಭಾರಿ ಅಲೆಕ್ಸಾಂಡರ್ ಕುರಾಕಿನ್‌ಗೆ ಸಲ್ಲುತ್ತದೆ. ಹಾಗಾಗಿ ಅದಕ್ಕೆ ರಷ್ಯನ್ ಪದ್ಧತಿ ಎಂದೇ ಹೆಸರು. ಇನ್ನು ಈ ಊಟಗಳಿಗೆ ನಕ್ಷತ್ರ ಹಂಚುವ ಮಿಶೆಲಿನ್ ಗೈಡ್ ಹುಟ್ಟಿದ್ದು ಟೈರ್ ಕಂಪನಿಯ ಮನೆಯಲ್ಲಿ. ಕಾರಿನವರು ಹೆಚ್ಚು ಓಡಾಡಲಿ, ಟೈರು ಬೇಗ ಸವೆಯಲಿ ಎಂದು 1900ರಲ್ಲಿ ಪುಕ್ಕಟೆ ಹಂಚಿದ ಪುಸ್ತಕ ಅದು. ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರುಮಾಡಿದ್ದು 1926ರಲ್ಲಿ. ಮೂರು ನಕ್ಷತ್ರ ಎಂದರೆ ಆ ಊಟಕ್ಕಾಗಿಯೇ ಪ್ರಯಾಣ ಮಾಡಬಹುದು ಎಂದರ್ಥ. ಟೈರ್ ಮಾರುವವರು ಇನ್ನೇನು ಹೇಳಿಯಾರು?

ಕ್ಯಾಲಿಫೋರ್ನಿಯಾದ ಯೌಂಟ್‌ವಿಲ್‌ನಲ್ಲಿ ಫ್ರೆಂಚ್ ಲಾಂಡ್ರಿ ಎಂಬ ಪ್ರಸಿದ್ಧ ಹೋಟೆಲಿದೆ. ಆ ಕಲ್ಲಿನ ಕಟ್ಟಡದಲ್ಲಿ ಹಿಂದೆ ನಿಜಕ್ಕೂ ಬಟ್ಟೆ ಒಗೆಯುತ್ತಿದ್ದರು. ಈಗ ಜೇಬು ತೊಳೆಯುತ್ತಾರೆ. 1994ರಲ್ಲಿ ಅದನ್ನು ಕೈಗೆತ್ತಿಕೊಂಡ ಥಾಮಸ್ ಕೆಲ್ಲರ್ ಪ್ರಕಾರ ಯಾವ ತಿನಿಸಿನಲ್ಲೂ ಮೊದಲ ಎರಡು ಮೂರು ತುತ್ತಿಗೆ ಇರುವ ರುಚಿ ಆಮೇಲಿನದಕ್ಕೆ ಇರುವುದಿಲ್ಲ, ನಾಲಿಗೆ ಮಂಕಾಗುತ್ತದೆ. ಇನ್ನೊಂದು ಚೂರು ಇದ್ದಿದ್ದರೆ ಎನ್ನಿಸುವಾಗಲೇ ತಟ್ಟೆ ಖಾಲಿಯಾಗಬೇಕು. ಒಬ್ಬಟ್ಟು ತಿನ್ನುವ ಸೀಮೆಯಲ್ಲಿ ಈ ಸಿದ್ಧಾಂತ ನಿಲ್ಲುವುದಿಲ್ಲ. ನಾಲ್ಕನೆಯ ಒಬ್ಬಟ್ಟಿಗೆ ತುಪ್ಪ ಬಿದ್ದ ಮೇಲೇ ಕೆಲವರು ಬಾಯಿಬಿಟ್ಟು "ಚೆನ್ನಾಗಿದೆ" ಎನ್ನುವುದು.

ಆದರೆ ಹೊಟ್ಟೆ ತುಂಬುವುದಿಲ್ಲ ಎಂಬ ಮಾತಿದೆಯಲ್ಲ, ಅದು ಹೋಗದವರು ಹಬ್ಬಿಸಿದ ಸುದ್ದಿ. ಬೊಗಸೆಯಗಲದ ತಟ್ಟೆಯಲ್ಲಿ ಹೆಬ್ಬೆರಳಿನಷ್ಟು ಬಂದರೂ, ಮೂರು ಗಂಟೆ ಬರುತ್ತಲೇ ಇದ್ದರೆ ಎಂಥ ಹೊಟ್ಟೆಯೂ ತುಂಬುತ್ತದೆ. ಹಸಿವು ತಡೆಯದೆ ಮೊದಲಿಗೇ ಬ್ರೆಡ್ಡು-ಬೆಣ್ಣೆ ಮುಗಿಸಿದವರು ಎಂಟನೆಯ ತಟ್ಟೆಗೆ ಬೆಲ್ಟ್ ಸಡಿಲಿಸುತ್ತಾರೆ.

ತಿನ್ನುವುದಕ್ಕಿಂತ ಕೇಳಿಸಿಕೊಳ್ಳುವುದು ಹೆಚ್ಚು. ತಟ್ಟೆ ಇಟ್ಟವನು ಕೈಕಟ್ಟಿ ನಿಂತು ಯಾವ ಬೆಟ್ಟದ ಸೊಪ್ಪು, ಯಾವ ಕಟ್ಟಿಗೆಯ ಹೊಗೆ, ಎಷ್ಟು ದಿನ ಹುಳಿ ಬರಿಸಿದ್ದು ಎಂದು ಹೇಳುವಷ್ಟು ಹೊತ್ತು ಅಪ್ಪ ಚಮಚ ಎತ್ತುವಂತಿಲ್ಲ. ಬೆಂಗಳೂರಿನ ಉತ್ತರದ ಅಂಚಿನಲ್ಲಿ ಜಾನ್ಸನ್ ಎಬೆನೆಜರ್ ನಡೆಸುವ ಫಾರ್ಮ್‌ಲೋರ್‌ನಲ್ಲಿ ಈ ವಿವರಣೆಗೆ ಅರ್ಥವಿದೆ. ಊಟದ ಕೋಣೆ ಇರುವುದೇ 37 ಎಕರೆ ತೋಟದೊಳಗೆ, ಸೌದೆ ಬೆಂಕಿಯ ಅಡುಗೆ. ಎಲ್ಲ ಕಡೆಯೂ ಹಾಗಲ್ಲ. ಕೆಲವು ಕಡೆ ಟೊಮೆಟೊ ಒಂದು ಹೋಳು, ಅದರ ಚರಿತ್ರೆ ಒಂದು ಅಧ್ಯಾಯ.

ಬ್ಯಾಂಕಾಕಿನ ಗಗನ್ ಆನಂದ್ ಈ ಭಾಷಣಕ್ಕೆ ಮದ್ದು ಕಂಡುಹಿಡಿದರು. ಕೋಲ್ಕತ್ತದವರಾದ ಇವರ ಹೋಟೆಲು 2015ರಿಂದ 2018ರ ತನಕ ಸತತ ನಾಲ್ಕು ವರ್ಷ ಏಷ್ಯಾದ 50 ಉತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲನೆಯದು. ಆಗ ಅಲ್ಲಿನ ಮೆನುವಿನಲ್ಲಿ ಅಕ್ಷರವೇ ಇರಲಿಲ್ಲ, ಇಪ್ಪತ್ತೈದು ಇಮೋಜಿ. ಅಲ್ಲಿ ಹೆಸರಾದದ್ದು ಒಂದು ಮೊಸರಿನ ಉಂಡೆ. ಸ್ಪೇನಿನ ಎಲ್ ಬುಲ್ಲಿ ಎಂಬ ಹೋಟೆಲಿನಲ್ಲಿ ಫೆರಾನ್ ಆದ್ರಿಯಾ ಬೆಳೆಸಿದ ವಿದ್ಯೆ ಅದು: ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್ ಕದಡಿದ ನೀರಿಗೆ ಚಮಚದಲ್ಲಿ ಮೊಸರು ಬಿಟ್ಟರೆ, ಮೊಸರಿನ ಕ್ಯಾಲ್ಸಿಯಂ ತಾಗಿ ಸುತ್ತಲೂ ತೆಳು ಪೊರೆ ಕಟ್ಟುತ್ತದೆ. ಮೊಟ್ಟೆಯ ಹಳದಿಯ ಹಾಗೆ ತುಳುಕುವ ಆ ಉಂಡೆಯನ್ನು ಕಚ್ಚದೆ ಇಡಿಯಾಗಿ ಬಾಯಿಗೆ ಹಾಕಿಕೊಂಡು ನಾಲಿಗೆಯಿಂದ ಒತ್ತಬೇಕು. ಪಟ್ಟನೆ ಒಡೆದು ಬಾಯಿ ತುಂಬ ಒಗ್ಗರಣೆಯ ಘಮದ ಮೊಸರು. ಇನ್ನೊಂದು ತಟ್ಟೆಯನ್ನು ಚಮಚವಿಲ್ಲದೆ ನೆಕ್ಕಿಯೇ ಮುಗಿಸಬೇಕಿತ್ತು, ಹಿನ್ನೆಲೆಯಲ್ಲಿ ರಾಕ್ ಹಾಡು. ತಟ್ಟೆ ನೆಕ್ಕಿದ್ದಕ್ಕೆ ತಲೆಗೆ ಮೊಟಕಿಸಿಕೊಂಡು ಬೆಳೆದವರು ಅಲ್ಲಿ ದುಡ್ಡು ಕೊಟ್ಟು ನೆಕ್ಕಿದರು.

ಡೆನ್ಮಾರ್ಕಿನ ನೋಮಾ ಎಂಬ ರೆಸ್ಟೋರೆಂಟಿನವರು 2012ರಲ್ಲಿ ಲಂಡನ್ನಿನ ಕ್ಲಾರಿಜಸ್ ಹೋಟೆಲಿನಲ್ಲಿ ಕೆಲವು ದಿನ ಬಡಿಸಿದಾಗ ಎಲೆಕೋಸಿನ ಮೇಲೆ ಜೀವಂತ ಇರುವೆ ಓಡಾಡುತ್ತಿದ್ದವು. ಊಟಕ್ಕೆ ತಲೆಗೆ 195 ಪೌಂಡ್. ಜಗತ್ತಿನ ಪತ್ರಿಕೆಗಳೆಲ್ಲ ಬೆರಗಾದವು. ಮರದ ಗೂಡು ಇಳಿಸಿ, ಕಚ್ಚಿಸಿಕೊಂಡು, ಕೆಂಪಿರುವೆಯನ್ನು ಉಪ್ಪು-ಮೆಣಸಿನೊಂದಿಗೆ ಅರೆದು ಚಗಳಿ ಚಟ್ನಿ ಮಾಡುವ ಮಲೆನಾಡಿನವರಿಗೆ ಅದರಲ್ಲಿ ಬೆರಗೇನಿದ್ದೀತು? ಹುಳಿ ಇರುವುದು ಇರುವೆಯ ಫಾರ್ಮಿಕ್ ಆಮ್ಲದಲ್ಲಿ. ಅದು ಎರಡು ಕಡೆಯೂ ಒಂದೇ. ಇಲ್ಲಿ ಚಟ್ನಿ ಸಾಲದಿದ್ದರೆ ಇನ್ನಷ್ಟು ಕೇಳಬಹುದು.

ಬೆಳ್ಳಿಹಬ್ಬದ ಮೇಜಿನಲ್ಲಿ ಅಮ್ಮನಿಗೆ ತೊಡಕಾಗುವುದೂ ಇದೇ. ಐದನೆಯದೋ ಆರನೆಯದೋ ಅವಳಿಗೆ ತುಂಬ ಹಿಡಿಸುತ್ತದೆ. "ಇದನ್ನೇ ಇನ್ನೊಂದು ಚೂರು ತನ್ನಿಪ್ಪಾ." ಬಡಿಸುವ ಹುಡುಗ ನಗುತ್ತಾನೆ, ಒಳಗೆ ಹೋಗುತ್ತಾನೆ, ಏಳನೆಯದನ್ನು ಹಿಡಿದು ಬರುತ್ತಾನೆ. ಅಡುಗೆಮನೆಯಲ್ಲಿ ತಲೆ ಎಣಿಸಿ ಮಾಡಿರುತ್ತಾರೆ. ಹೆಚ್ಚಿಗೆ ಎಂಬುದೇ ಇಲ್ಲ. ಎಲೆಗೆ ಅಡ್ಡ ಕೈ ಹಿಡಿದು "ಸಾಕು, ಸಾಕು" ಎನ್ನುವ, ಆ ಬೆರಳ ಸಂದಿಯಲ್ಲೇ ಜಿಲೇಬಿ ತುರುಕುವ ಗಲಾಟೆ ಇಲ್ಲದೆ ಅಪ್ಪನೂ ಪೆಚ್ಚಾಗಿ ಕೂತಿರುತ್ತಾನೆ. ಬೇಡವೆನ್ನಲು ಅವಕಾಶವೇ ಇಲ್ಲದ ಊಟ ಅವನಿಗೆ ಹೊಸದು.

ಕೊನೆಗೆ ತಟ್ಟೆಯ ಅಂಚಿನಲ್ಲಿ ಚಾಕೊಲೇಟಿನಿಂದ ಶುಭಾಶಯ ಬರೆದ ಸಿಹಿ, ಒಂದು ಮೇಣದ ಬತ್ತಿ, ಒಂದು ಫೋಟೊ. ಅಪ್ಪ ಪರ್ಸಿಗೆ ಕೈ ಹಾಕುತ್ತಾನೆ. ಬುಕ್ ಮಾಡುವಾಗಲೇ ದುಡ್ಡು ಕಟ್ಟಿಯಾಗಿದೆ. ಜಿಎಸ್‌ಟಿ ಎಷ್ಟು ಹಾಕಿದರು ಎಂದಾದರೂ ತಿಳಿಯಬೇಕು ಅವನಿಗೆ. ಬಿಡಿ ರೆಸ್ಟೋರೆಂಟಾದರೆ ಶೇಕಡಾ 5. ಅದೇ ಊಟ ದಿನಕ್ಕೆ 7500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ರೂಮುಗಳಿರುವ ಹೋಟೆಲಿನೊಳಗೆ ನಡೆದರೆ, ಉಂಡವರು ಅಲ್ಲಿ ಮಲಗದಿದ್ದರೂ, ಶೇಕಡಾ 18. ಮಗ ಮಾತು ಹಾರಿಸುತ್ತಾನೆ. ಕಾರಿನಲ್ಲಿ ಅಮ್ಮ ಬಿಡುವುದಿಲ್ಲ. ಮಗಳು ಕಣ್ಣು ಮಿಟುಕಿಸಿದ್ದು ನೋಡಿ ಮಗ ಅಸಲಿನ ಅರ್ಧದಷ್ಟು ಹೇಳುತ್ತಾನೆ.

"ಅಯ್ಯೋ, ಅಷ್ಟಕ್ಕೆ ಅಡುಗೆ ಭಟ್ಟರನ್ನು ಕರೆಸಿ ಐವತ್ತು ಎಲೆ ಹಾಕಿಸಬಹುದಿತ್ತಲ್ಲೋ!"