ಬಟ್ಟೆ ಬೇರೆ, ಬೇಳೆ ಬೇರೆ

ಸಮಾಧಿಗೆ ನೆಡುವ ಜಾತಿಯ ಕಲ್ಲಿನ ಮೇಲೆ ಚಪಾತಿ ಲಟ್ಟಿಸಬಹುದೆ ಎಂಬ ಧರ್ಮಜಿಜ್ಞಾಸೆಯನ್ನು ನಮ್ಮ ಪೂರ್ವಸೂರಿಗಳಾರೂ ಕೈಗೆತ್ತಿಕೊಂಡಂತೆ ತೋರುವುದಿಲ್ಲ. ಅವರು ಬಿಟ್ಟುಹೋದ ಈ ಧರ್ಮಸೂಕ್ಷ್ಮವು ಸ್ಟಾಕ್‌ಹೋಮಿನ ದಕ್ಷಿಣ ಭಾಗದ ಎನ್‌ಶೇಡೆಯಲ್ಲಿ, ಮೂರನೆಯ ಅಂತಸ್ತಿನಲ್ಲಿರುವ ನಮ್ಮ ಮನೆಯಲ್ಲಿ, ಕಳೆದ ಶನಿವಾರ ಮಧ್ಯಾಹ್ನದಿಂದ ಊಟನಿದ್ರೆಗಳನ್ನೂ ಲೆಕ್ಕಿಸದೆ ಚರ್ಚಿತವಾಗುತ್ತಿದೆ. ವಾದಿ ನಮ್ಮ ಅತ್ತೆಯವರು, ಪ್ರತಿವಾದಿ ಮಾವನವರು, ಯಾವ ಪಕ್ಷಕ್ಕೂ ಒದಗದ ಸಾಕ್ಷಿ ನಮ್ಮವರು, ನ್ಯಾಯಾಧೀಶೆ ಹದಿನಾರು ವರ್ಷದ ನಮ್ಮ ಮಗಳು. ಆ ಅಡುಗೆಮನೆಯಲ್ಲಿ ನಿತ್ಯವೂ ನಿಲ್ಲತಕ್ಕವಳಾದ ನನಗೆ ಈ ನ್ಯಾಯಸ್ಥಾನದಲ್ಲಿ ಕಾಫಿ ಸರಬರಾಜಿನ ಹೊರತು ಅನ್ಯ ಅಧಿಕಾರವಿಲ್ಲ.

ಅತ್ತೆ ಮಾವಂದಿರು ಏಪ್ರಿಲಿನಲ್ಲಿ ಮೈಸೂರಿನಿಂದ ಬಂದರು. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇಲ್ಲಿರಬಹುದೆಂದು ಷೆಂಗೆನ್ ವೀಸಾ ಸ್ಪಷ್ಟವಾಗಿ ವಿಧಿಸುತ್ತದೆ; ಆದರೆ ಆ 90 ದಿನಗಳ ಅತಿಥಿಗೆ, ಇನ್ನು ಮೂವತ್ತು ವರ್ಷ ಬಾಳಬೇಕಾದ ಅಡುಗೆಕಟ್ಟೆಯ ಮೇಲೆ ಎಷ್ಟರ ಮಟ್ಟಿನ ಹಕ್ಕುಂಟೆಂಬ ವಿಷಯದಲ್ಲಿ ಯುರೋಪಿನ ರಾಷ್ಟ್ರಗಳೆಲ್ಲ ಒಟ್ಟಾಗಿ ಮೌನ ವಹಿಸಿರುವುದರಿಂದ, ಪೂರ್ಣಾಧಿಕಾರವೇ ಉಂಟೆಂದು ಅತ್ತೆಯವರು ವ್ಯಾಖ್ಯಾನ ಮಾಡಿಕೊಂಡಿದ್ದಾರೆ.

ನಾವು ಹೊಸದಾಗಿ ಹಾಕಿಸಹೊರಟ ಆ ಕಟ್ಟೆಯ ವಿಷಯದಲ್ಲಿ, ಶಿಲೆಯ ಪಕ್ಷಕ್ಕೆ ಬರುವ ಮುನ್ನ ಇತರ ಅಭ್ಯರ್ಥಿಗಳು ಬಿದ್ದುಹೋದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಮಗಳು ಬಯಸಿದ್ದು ಓಕ್ ಮರದ ಹಲಗೆ. ಅದಕ್ಕೆ ಕಾಲಕಾಲಕ್ಕೆ ಎಣ್ಣೆ ಸವರಬೇಕೆಂದು ತಿಳಿದೊಡನೆ ಅತ್ತೆಯವರು, “ನನ್ನ ತಲೆಗೇ ಎಣ್ಣೆ ಹಚ್ಚಿಕೊಳ್ಳೋಕೆ ಪುರುಸೊತ್ತಿಲ್ಲ, ಇನ್ನು ಮರಕ್ಕೆ ಯಾರಮ್ಮ ಹಚ್ಚೋರು” ಎಂದರು. ನಾನು ಮನಸ್ಸಿನಲ್ಲೇ ಮೋಹಿಸಿದ್ದು ಹಾಲುಬಿಳಿಯ ಕ್ವಾರ್ಟ್ಜ್. ಸ್ಫಟಿಕಶಿಲೆಯ ಪುಡಿಗೆ ರಾಳ ಬೆರೆಸಿ ಮಾಡುವ ಆ ಕೃತಕ ಶಿಲೆಯನ್ನು ಕೊಯ್ಯುವಾಗ ಏಳುವ ದೂಳಿನಿಂದ ಕಾರ್ಮಿಕರಿಗೆ ಸಿಲಿಕೋಸಿಸ್ ತಗುಲುವುದೆಂದೂ, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದೆಯೆಂದೂ ಮಗಳು ಭಾಷಣ ಮಾಡಿದ ಮೇಲೆ, ನನ್ನ ಮೋಹವನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಉಳಿಯಲಿಲ್ಲ. ಅಮೃತಶಿಲೆಯನ್ನು ಸ್ವತಃ ಮಾವನವರೇ ತಿರಸ್ಕರಿಸಿದರು: ಅದು ಸುಣ್ಣದ ಅಂಶದ ಕಲ್ಲು, ಹುಳಿ ಬಿದ್ದಲ್ಲೆಲ್ಲ ಹೊಳಪು ತಿಂದುಹೋಗುತ್ತದೆ, ಹುಣಸೆಹಣ್ಣು ಕಿವುಚುವ ಕುಲದವರಿಗೆ ಹೇಳಿಸಿದ್ದಲ್ಲ.

ನಮ್ಮವರ ಪಕ್ಷವಾದರೋ ಯಥಾಸ್ಥಿತಿಯ ಪಕ್ಷ. ಮನೆ ದುರಸ್ತಿ ಮಾಡಿಸುವವರಿಗೆ ಸರ್ಕಾರ ರೂಟ್ ರಿಯಾಯಿತಿಯೆಂದು ತೆರಿಗೆಯಲ್ಲಿ ಬಿಡುವುದು ಕೂಲಿಯ ಭಾಗದ ಮೇಲೆಯೇ ಹೊರತು ಕಲ್ಲಿನ ಬೆಲೆಯ ಮೇಲೆ ಬಿಡಿಗಾಸೂ ಇಲ್ಲವೆಂದು ಎಕ್ಸೆಲ್ ಹಾಳೆಯಲ್ಲಿ ತೋರಿಸಿ, ಮೂರು ಸೆಂಟಿಮೀಟರ್ ದಪ್ಪದ, ಎರಡೂವರೆ ಮೀಟರ್ ಉದ್ದದ ಶಿಲೆ 120 ಕಿಲೋ ತೂಗುವುದೆಂದು ಹೆದರಿಸಿ, ಇರುವ ಹಲಗೆಯೇ ಸಾಕೆಂದರು. ಇರುವುದು ಪರ್ಸ್ಟೋರ್ಪ್ ಕಂಪನಿಯ ಲ್ಯಾಮಿನೇಟು. ಅದರ ಮೇಲಿನದು 1958ರಲ್ಲಿ ಸಿಗ್ವಾರ್ಡ್ ಬೆರ್ನಾದೋತ್ ರಚಿಸಿದ ‘ವಿರ್‌ವಾರ್’ ಎಂಬ ಗೀಚುಗೆರೆಗಳ ವಿನ್ಯಾಸ. ಅತ್ತೆಯವರು ಬಂದ ಹೊಸತರಲ್ಲಿ ಆ ಗೆರೆಗಳನ್ನು ನನ್ನ ತಲೆಗೂದಲೆಂದೇ ಬಗೆದು, ನನಗೆ ಹೇಳಿದರೆ ನೊಂದೇನೆಂದು ಯಾರೂ ಏಳದ ಮುನ್ನವೇ ಎದ್ದು, ಬೆಳಗಿನ ಜಾವದಲ್ಲಿ ನಾರು ಹಿಡಿದು ತಿಕ್ಕುತ್ತಿದ್ದರು. ಅದನ್ನು ಬರೆದಾತ ಸ್ವೀಡನ್ನಿನ ರಾಜಕುಮಾರನೆಂದೂ, 1934ರಲ್ಲಿ ಸಾಮಾನ್ಯ ಮನೆತನದ ಹೆಣ್ಣನ್ನು ಕೈಹಿಡಿದು ರಾಜಪದವಿಯನ್ನೇ ಕಳೆದುಕೊಂಡವನೆಂದೂ ಮಗಳು ತಿಳಿಸಿದಾಗ, “ಅದಕ್ಕೇ ತಲೆಕೆಟ್ಟು ಹೀಗೆ ಗೀಚಿದಾನೆ, ಪಾಪ” ಎಂದು ಮರುಗಿ, ಅಂದಿನಿಂದ ಆ ಹಲಗೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸತೊಡಗಿದರು.

ಹೀಗೆ ಕೊನೆಗೆ ಉಳಿದದ್ದು ಕರಿಯ ಕಲ್ಲು. ಶನಿವಾರ ನಾವೈವರೂ ಶಿಲೆಯ ಅಂಗಡಿಗೆ ಹೋದೆವು. ಅಲ್ಲಿ ಗೋಡೆಗೊರಗಿಸಿ ನಿಲ್ಲಿಸಿದ್ದ ಹತ್ತಾರು ಹಲಗೆಗಳ ನಡುವೆ ನಡೆದುಬಂದ ಅತ್ತೆಯವರು, ಸ್ಕೋನೆ ಪ್ರಾಂತದ ಲೋನ್ಸ್‌ಬೋಡಾ ಕಡೆಯ ಒಂದು ಕಪ್ಪು ಶಿಲೆಯೆದುರು ತಟ್ಟನೆ ನಿಂತರು. ಅಂಗೈಯಿಟ್ಟರು, ಆಮೇಲೆ ಮುಂಗೈ, ಆಮೇಲೆ ಸುತ್ತಲೂ ನೋಡಿ, ಯಾರೂ ನೋಡುತ್ತಿಲ್ಲವೆಂದು ಭಾವಿಸಿ, ಕೆನ್ನೆಯನ್ನೂ ಇಟ್ಟರು. ಯಳಂದೂರಿನಲ್ಲಿ ಹುಟ್ಟಿ ಚಾಮರಾಜನಗರದಲ್ಲಿ ಸಂಸಾರ ಹೂಡಿದ ಆಕೆಗೆ ಕರಿಕಲ್ಲೆಂದರೆ ತವರಿನ ವಸ್ತು. “ಥೇಟು ನಮ್ಮ ಕಡೆ ಕಲ್ಲೇ ಕಣಮ್ಮ, ಎಷ್ಟು ತಂಪಾಗಿದೆ ನೋಡು” ಎಂದು ಅವರು ನುಡಿದ ಸ್ವರದಲ್ಲಿ ಎಂತಹ ನಿರ್ಧಾರವಿತ್ತೆಂದರೆ, ನಮ್ಮವರು ಎಕ್ಸೆಲ್ ಹಾಳೆಯನ್ನು ಮುಚ್ಚಿದರು, ಅಂಗಡಿಯ ತರುಣ ಲೇಖನಿಯ ಮುಚ್ಚಳ ತೆರೆದನು, ನಾನು ನಿಟ್ಟುಸಿರಿಟ್ಟೆನು. ಆ ಶುಭಮುಹೂರ್ತದಲ್ಲಿ, ಯಾರೂ ಕೇಳದಿದ್ದರೂ, ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ನಿವೃತ್ತರಾದ ನಮ್ಮ ಮಾವನವರು ಕನ್ನಡಕವೇರಿಸಿ, ಶಿಲೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಪರಮಸಂತೋಷದಿಂದ ಹೇಳಿದರು: “ಭೇಷ್! ಇದು ದಿನಾ ವಾಕಿಂಗ್‌ನಲ್ಲಿ ನಾನು ನೋಡೋ ಕಲ್ಲೇ!”

ಮಾವನವರು ದಿನವೂ ವಾಕಿಂಗ್ ಹೋಗುವುದು ಸ್ಕೂಗ್ಸ್‌ಶುರ್ಕೊಗೋರ್ಡೆನ್ನಿಗೆ. ಆಸ್ಪ್ಲುಂಡ್ ಮತ್ತು ಲೆವೆರೆಂಟ್ಸ್ ಎಂಬ ವಾಸ್ತುಶಿಲ್ಪಿಗಳು ಪೈನ್ ಮರಗಳ ನಡುವೆ ರೂಪಿಸಿದ ಆ ಸ್ಥಳ 1994ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಸುತ್ತಿನಲ್ಲಿ ಅದಕ್ಕಿಂತ ರಮ್ಯವಾದ ಉಪವನವಿಲ್ಲ. ಆದರೆ ಏನು ಮಾಡೋಣ, ಅದು ಸ್ಮಶಾನ. ಯುನೆಸ್ಕೋ ಏನೇ ಹೇಳಲಿ, ಅಲ್ಲಿಂದ ಬಂದವರು ತಲೆಗೆ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕೆಂಬ ಅತ್ತೆಯವರ ಶಾಸನದ ದೆಸೆಯಿಂದ, ಜೂನ್ ತಿಂಗಳಲ್ಲಿ ಮೂರೂವರೆಗೇ ಹುಟ್ಟುವ ಸೂರ್ಯನೊಡನೆ ಎದ್ದುಹೋಗುವ ಮಾವನವರು, ಇಡೀ ಕಟ್ಟಡ ನಿದ್ರಿಸುತ್ತಿರುವಾಗ ನಮ್ಮ ಬಚ್ಚಲಿನಲ್ಲಿ ಗಟ್ಟಿಯಾಗಿ ಪುರುಷಸೂಕ್ತ ಹೇಳಿಕೊಳ್ಳುತ್ತ ನೀರು ಹುಯ್ದುಕೊಳ್ಳುವುದುಂಟು.

ಅತ್ತೆಯವರ ಕೆನ್ನೆ ಶಿಲೆಯಿಂದ ಬೇರ್ಪಟ್ಟಿತು. ಕೈ ಸೆರಗಿಗೆ ಹೋಯಿತು. ಸೆರಗು ಕೆನ್ನೆಗೆ ಹೋಯಿತು. ಒರೆಸಿದಷ್ಟೂ ಆ ಕೆನ್ನೆ ಅವರದಲ್ಲವೆಂಬಂತೆ ಒರೆಸಿದರು. ಭಾಷೆ ತಿಳಿಯದ ಅಂಗಡಿಯ ತರುಣನು ಹಿರಿಯರು ಏನೆಂದರೆಂದು ವಿನಯದಿಂದ ನನ್ನನ್ನು ಕೇಳಿದನು. “ಕಲ್ಲು ಚೆನ್ನಾಗಿದೆಯಂತೆ” ಎಂದೆ. ಅಷ್ಟಕ್ಕೆ ಮುಗಿಯಬಾರದೆ? ಮಾವನವರು ಮಧ್ಯೆ ಬಂದು, ತಮ್ಮ ಇಲಾಖೆಯ ಇಂಗ್ಲಿಷಿನಲ್ಲಿ ಸ್ಮಶಾನದ ಹೆಸರು ಸಹಿತವಾಗಿ ಸಮಸ್ತವನ್ನೂ ನಿವೇದಿಸಿದರು. ತರುಣನ ಮುಖ ಅರಳಿತು. ಇದೇ ಡಯಾಬೇಸ್ ಶಿಲೆಯನ್ನು ಸಮಾಧಿಗಳಿಗೂ ಬಳಸುವುದು ನಿಜವೆಂದೂ, ಮಳೆ ಹಿಮಗಳಿಗೆ ಅಂಜದೆ ನೂರು ವರ್ಷ ನಿಲ್ಲುವುದೆಂದೂ, ಈವರೆಗೆ ಒಬ್ಬರಾದರೂ ದೂರು ತಂದಿಲ್ಲವೆಂದೂ ಹೆಮ್ಮೆಯಿಂದ ತಿಳಿಸಿದನು. ನಾನು ಕಿಟಕಿಯ ಕಡೆ ತಿರುಗಿ ಕೆಮ್ಮುವವಳಂತೆ ನಟಿಸಿದೆ. ನಮ್ಮವರು ನಗು ತಡೆಯಲಾರದೆ ಹೊರಗೆ ಹೋಗಿ, ಪಾರ್ಕಿಂಗ್ ಹಣ ಕಟ್ಟುವ ನೆಪದಲ್ಲಿ ಬಹಳ ಹೊತ್ತು ಬರಲೇ ಇಲ್ಲ.

ಮನೆಯಲ್ಲಿ ಆರಂಭವಾದ ವಿಚಾರಣೆಯಲ್ಲಿ ಮಾವನವರ ವಾದ ಮೂರು ಅಂಗಗಳುಳ್ಳದ್ದು. ಒಂದನೆಯದು ಭೂವೈಜ್ಞಾನಿಕ: ವ್ಯಾಪಾರಿಗಳು ಕರಿ ಗ್ರಾನೈಟ್ ಎನ್ನುವ ಇದು ಗ್ರಾನೈಟೇ ಅಲ್ಲ, ಆ ತರುಣ ಡಯಾಬೇಸ್ ಎಂದ ಡಾಲರೈಟ್, ಚಾಮರಾಜನಗರದ ಕರಿಕಲ್ಲೂ ಇದೇ ಬಳಗದ್ದು, ಭೂಗರ್ಭದಿಂದ ಮೇಲೆ ನುಗ್ಗಿ ಬಿರುಕುಗಳಲ್ಲಿ ಆರಿದ ಶಿಲಾದ್ರವಕ್ಕೆ ತಾನು ಮುಂದೆ ಗೋರಿಯಾಗುವೆನೋ ಒರಳಾಗುವೆನೋ ಎಂಬ ಅರಿವು ಎಲ್ಲಿಯದು? ಎರಡನೆಯದು ಐತಿಹಾಸಿಕ: ವೀರಗಲ್ಲು, ಮಾಸ್ತಿಕಲ್ಲುಗಳೆಂದರೆ ಸತ್ತವರ ಕಲ್ಲುಗಳಲ್ಲದೆ ಮತ್ತೇನು? ಮೂರನೆಯದು ವೈಯಕ್ತಿಕ, ಆದಕಾರಣ ಅಪಾಯಕಾರಿ: “ನಿಮ್ಮೂರ ಕೆರೆ ಸೋಪಾನದಲ್ಲಿ ನಿಮ್ಮಮ್ಮ ಬಟ್ಟೆ ಒಗೀತಿದ್ದದ್ದೇ ವೀರಗಲ್ಲಿನ ಮೇಲೆ, ನಾನು ಕಣ್ಣಾರೆ ನೋಡಿದೀನಿ.”

ಅತ್ತೆಯವರು ಬಿಡಿಸುತ್ತಿದ್ದ ಅವರೆಕಾಳಿನಿಂದ ತಲೆಯೆತ್ತಲಿಲ್ಲ. “ಬಟ್ಟೆ ಬೇರೆ, ಬೇಳೆ ಬೇರೆ” ಎಂದರು.

ಮೂರು ಅಂಗಗಳೂ ಒಟ್ಟಿಗೆ ಕುಸಿದವು. ಭಾನುವಾರ ಮೈಸೂರಿನ ಪುರೋಹಿತರಿಗೆ ವಾಟ್ಸಾಪಿನಲ್ಲಿ ಕರೆಹೋಯಿತು. ಅವರು ಶಿಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ, ಕಲ್ಲಿಗೆ ಸೂತಕವಿಲ್ಲವೆಂದು ಮಾವನವರ ಪರವಾಗಿಯೂ, ಆದರೂ ಒಂದು ಪುಣ್ಯಾಹ ಮಾಡಿಸಿಬಿಡುವುದು ಲೇಸೆಂದು ಅತ್ತೆಯವರ ಪರವಾಗಿಯೂ ತೀರ್ಪಿತ್ತು, ತಮ್ಮ ಮಗನಿಗೆ ಸ್ವೀಡನ್ನಿನಲ್ಲಿ ಎಂ.ಎಸ್. ಸೀಟು ಸುಲಭವೆ ಎಂದು ವಿಚಾರಿಸಿದರು. ಕಡೆಗೆ ವ್ಯಾಜ್ಯವನ್ನು ಬಗೆಹರಿಸಿದವಳು ಮಗಳು. “ಅಜ್ಜಿ, ಒಂದೇ ಬಂಡೆಯಿಂದ ಅರ್ಧ ಅಲ್ಲಿಗೆ ಹೋಗತ್ತೆ, ಅರ್ಧ ಅಡುಗೆಮನೆಗೆ ಬರತ್ತೆ. ಎಲ್ಲಿಂದ ಮೈಲಿಗೆ ಶುರು?” ಎಂದಳು. ಅತ್ತೆಯವರು ಈ ಪ್ರಶ್ನೆಯನ್ನು ಒಂದು ರಾತ್ರಿ ಮನನ ಮಾಡಿ, ಹೊಳಪು ಕೊಟ್ಟಲ್ಲಿಂದ ಎಂದು ಉತ್ತರಿಸಿದರು. ಸ್ಮಶಾನದಲ್ಲಿರುವುದು ಕನ್ನಡಿಯ ಹೊಳಪಿನ ಕಲ್ಲು. ಹೊಳಪಿಲ್ಲದೆ ಉಜ್ಜಿಸಿದ ಕಲ್ಲಿಗೆ ದೋಷವಿಲ್ಲ. ಹೊಳಪಿಲ್ಲದ್ದಕ್ಕೆ ಅಂಗಡಿಯವರು ಹೆಚ್ಚು ಹಣ ಕೇಳುತ್ತಾರೆಂಬುದನ್ನು ನಮ್ಮವರು ಎಕ್ಸೆಲ್ಲಿನಲ್ಲಿ ‘ಶುದ್ಧಿ’ ಎಂಬ ಹೊಸ ಕಲಮಿನಡಿ ಸೇರಿಸಿದ್ದಾರೆ.

ಇಷ್ಟು ನಕ್ಕ ಮೇಲೆ ಒಂದು ಮಾತನ್ನು ನಗದೆ ಹೇಳಬೇಕು. ಈ ದೇಶದಲ್ಲಿ ಗೃಹಿಣಿಯರ ದುಡಿಮೆಯನ್ನು ಅಳೆದು ಅಡುಗೆಮನೆಯ ಪ್ರಮಾಣಗಳನ್ನು ಗೊತ್ತುಪಡಿಸಲು 1944ರಲ್ಲಿಯೇ ಒಂದು ಸಂಶೋಧನ ಸಂಸ್ಥೆ ಹುಟ್ಟಿತು. ಕಟ್ಟೆಯ ಎತ್ತರ ಇಂದು ಸಾಮಾನ್ಯವಾಗಿ 90 ಸೆಂಟಿಮೀಟರ್. ಐದಡಿಯನ್ನೂ ಮುಟ್ಟದ ಅತ್ತೆಯವರು ಮಣೆಯ ಮೇಲೆ ನಿಂತು ಒಗ್ಗರಣೆ ಹಾಕುವುದನ್ನು ಕಂಡು, ಕಟ್ಟೆಯ ಒಂದು ತುಂಡನ್ನಾದರೂ ತಗ್ಗಿಸೋಣವೆಂದು ನಮ್ಮವರು ಸೂಚಿಸಿದರು. ಅತ್ತೆಯವರು ಒಪ್ಪಲಿಲ್ಲ. ನನ್ನನ್ನು ಕರೆದು, ಮೊಣಕೈ ಮಡಿಸೆಂದು ಹೇಳಿ, ಅಲ್ಲಿಂದ ನೆಲದವರೆಗೆ ತಮ್ಮ ಗೇಣಿನಲ್ಲಿ ಅಳೆಯುತ್ತ ಬಗ್ಗಿಹೋದರು. ಏಳುವಾಗ ನನ್ನ ಕೈ ಹಿಡಿದುಕೊಂಡು ಎದ್ದರು. ಚಾಮರಾಜನಗರದ ಬಾಡಿಗೆ ಮನೆಯಲ್ಲಿ ನೆಲದ ಮೇಲೆ ಕುಳಿತು ಬೇಯಿಸುತ್ತಿದ್ದ ಅವರಿಗಾಗಿ, ಮಾವನವರು ಅಂಚು ಮುರಿದ ಒಂದು ಕರಿಹಲಗೆಯನ್ನು ಕ್ವಾರಿಯವರಿಂದ ಕೊಂಡುತಂದು ಕಟ್ಟೆ ಹಾಕಿಸಿದರಂತೆ. ಗಾರೆಯವನು ತನ್ನ ಎತ್ತರಕ್ಕೆ ಸರಿಯಾಗಿ ಕಟ್ಟಿಹೋದನಂತೆ. ಮಣೆ ಬಂದದ್ದು ಅಂದೇ. “ಅಳತೆ ಏನು ಅಂತ ಯಾರೂ ಕೇಳಲಿಲ್ಲಮ್ಮ ನನ್ನ. ನಾನು ಬಂದುಹೋಗೋಳು, ನಿನ್ನ ಎತ್ತರಕ್ಕೇ ಇರಲಿ” ಎಂದರು. ಪತ್ರಿಕೆಯ ಹಿಂದಿದ್ದ ಮಾವನವರು ಆ ಹೊತ್ತಿನಲ್ಲಿ ಪುಟ ತಿರುಗಿಸಲಿಲ್ಲ. ನಾಲ್ಕು ದಿನಗಳಿಂದ ನನ್ನೊಳಗೆ ಕುದಿಯುತ್ತಿದ್ದ ಕೋಪವನ್ನು ಎಲ್ಲಿ ಇಳಿಸಿಡಬೇಕೆಂದು ನನಗೆ ತೋಚದೆ, ಮತ್ತೊಂದು ಸುತ್ತು ಕಾಫಿ ಮಾಡಿದೆ.

ಕೋಪಕ್ಕೆ ಆಶ್ರಯ ಆ ಸಂಜೆಯೇ ದೊರೆಯಿತು. ಕಲ್ಲನ್ನು ಕೂರಿಸುವವರು ಬರುವುದು ವರ್ಷದ 34ನೆಯ ವಾರದಲ್ಲಿ, ಅಂದರೆ ಆಗಸ್ಟಿನಲ್ಲಿ, ಎಂದು ಉತ್ತರ ಬಂದಿತು. ಅತ್ತೆಯವರು ಮೈಸೂರಿನಿಂದ ತಂದ ಒಂಟಿಕೊಪ್ಪಲ್ ಪಂಚಾಂಗದಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಲ್ಲ ಉಂಟು, 34ನೆಯ ವಾರವೆಂಬುದೊಂದಿಲ್ಲ. ಜುಲೈನಲ್ಲಿಯೇ ಬರಬಾರದೆ ಎಂದು ನಮ್ಮವರು ವಿಚಾರಿಸಿ ಬೈಗುಳಕ್ಕೆ ಸಮಾನವಾದ ಮೌನವನ್ನು ಪಡೆದರು. ಆಷಾಢದಲ್ಲಿ ನಮ್ಮ ಕಡೆಯವರು ಶುಭಕಾರ್ಯ ಮಾಡುವುದಿಲ್ಲ. ಜುಲೈನಲ್ಲಿ ಸ್ವೀಡನ್ನಿನವರು ಯಾವ ಕಾರ್ಯವನ್ನೂ ಮಾಡುವುದಿಲ್ಲ. ಅತ್ತೆ ಮಾವಂದಿರ ವೀಸಾ ಜುಲೈ ಮೊದಲ ವಾರಕ್ಕೇ ಮುಗಿಯುತ್ತದೆ. ಮರಳಿ ಬರಲು ಅಕ್ಟೋಬರೇ ಆಗಬೇಕು. ಹೊಸ ಕಟ್ಟೆಯ ಮೇಲೆ ಹಾಲುಕ್ಕಿಸುವ ಶಾಸ್ತ್ರವನ್ನು ಹಿರಿಯರಿಲ್ಲದೆ ಮಾಡುವಂತಿಲ್ಲ. ಅದಾಗದೆ ಅಲ್ಲಿ ಅಡುಗೆ ಸಲ್ಲದು. ಆದ್ದರಿಂದ ವಿಜಯದಶಮಿಯವರೆಗೆ ಹೊಸ ಕಲ್ಲಿನ ಮೇಲೆ ಬಟ್ಟೆ ಮುಚ್ಚಿಡತಕ್ಕುದೆಂದು ಅಪ್ಪಣೆಯಾಯಿತು.

“ಹಾಗಾದರೆ ಅಲ್ಲಿವರೆಗೆ ಅಡುಗೆ ಎಲ್ಲಿ ಮಾಡಲಿ, ಅತ್ತೆ?” ಎಂದೆ, ನನ್ನ ದನಿ ನಡುಗದಂತೆ.

“ಯಾಕೆ, ಆ ರಾಜಕುಮಾರನ ಹಲಗೆ ಇದೆಯಲ್ಲ. ಹಾಲ್‌ನಲ್ಲಿ ಎರಡು ಸ್ಟೂಲಿನ ಮೇಲೆ ಇಟ್ಟುಕೋ. ಒಂದು ಸಲ ಮನೆಯಿಂದ ಹೊರಗೆ ಹಾಕಿಸಿಕೊಂಡೋನು, ಪಾಪ, ನಾವೂ ಆಚೆಗೆ ಹಾಕಬಾರದು” ಎಂದರು ಅತ್ತೆಯವರು.

ನಮ್ಮವರು ಮರುಮಾತಾಡದೆ ಎಕ್ಸೆಲ್ ತೆರೆದು, ‘ಶುದ್ಧಿ’ಯ ಕೆಳಗಿನ ಸಾಲಿನಲ್ಲಿ ‘ಸ್ಟೂಲು, ಎರಡು’ ಎಂದು ಬರೆದುಕೊಂಡರು.