ಅಂಗಳಕ್ಕೊಂದು ಕಣ್ಣು

ಬಂಟ್ವಾಳದ ಅಂಗಡಿಗೆ ಬೆಳ್ತಂಗಡಿ ಕಡೆಯ ಭಟ್ರು ಬಂದರು.

"ಅಂಗಳದಲ್ಲಿ ಅಡಿಕೆ ಹರಗಿದ್ದೇನೆ ಮಾರಾಯ್ರೆ. ಕಳ್ಳನ ಮುಖ ಕಾಣುವಂಥ ಕ್ಯಾಮೆರಾ ಬೇಕು."

"ಅವ ಮುಖಕ್ಕೆ ಬೈರಾಸು ಸುತ್ತಿ ಬಂದ್ರೆ?"

"ಬೈರಾಸಿನ ಬಣ್ಣವಾದ್ರೂ ಕಾಣ್ಲಿ."

"ರಾತ್ರಿ ಇನ್‌ಫ್ರಾರೆಡ್‌ನಲ್ಲಿ ಎಲ್ಲ ಕಪ್ಪು-ಬಿಳುಪು. ಬಣ್ಣ ಬೇಕಾದ್ರೆ ಲೈಟ್ ಇರುವಂಥದ್ದು ಉಂಟು, ರೇಟು ಸ್ವಲ್ಪ ಮೇಲೆ."

"ಮಳೆಗೆ?"

"ಐಪಿ 67 ಭಟ್ರೇ! ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದ್ರೂ ಏನಾಗುದಿಲ್ಲ."

"ಅಂಗಳಕ್ಕೆ ಅಷ್ಟು ನೀರು ಬಂದ್ರೆ ಅಡಿಕೆ ತಾನಾಗಿ ನೇತ್ರಾವತಿಗೆ ಹೋಗ್ತದೆ, ಕಳ್ಳ ಯಾಕೆ? ಸಿಡಿಲಿಗೆ?"

ಅಂಗಡಿಯವರು ಮಾತು ತಿರುಗಿಸಿದರು. (ಸಿಡಿಲಿಗೆ ವಾರಂಟಿ ಕೊಟ್ಟವರನ್ನು ನಮ್ಮ ಜಿಲ್ಲೆ ಇನ್ನೂ ಕಂಡಿಲ್ಲ.)

"2025ರ ಏಪ್ರಿಲ್‌ನಿಂದ ಸರ್ಕಾರದ ಪರೀಕ್ಷೆ ಪಾಸಾದದ್ದೇ ಮಾರಬೇಕು. ಮನೆಯ ಸುದ್ದಿ ಹೊರಗೆ ಸೋರಬಾರದಲ್ಲ?"

"ಅದಕ್ಕೆ ಕ್ಯಾಮೆರಾ ಯಾಕೆ, ಆಚೆಮನೆ ಅಕ್ಕ ಇದ್ದಾರೆ."

ಮೂಲೆಯಲ್ಲಿ ಕೂತಿದ್ದ ಮೂಡುಬಿದಿರೆಯವರು ಬಾಯಿ ಹಾಕಿದರು: "2013ರಲ್ಲಿ ನಮ್ಮ ಸಿದ್ಧಾಂತ ಬಸದಿಯಿಂದಲೇ ಮೂರ್ತಿಗಳು ಕಳವಾದವು. ಅಲ್ಲೇ ಹಾಗಾದ್ರೆ ನಿಮ್ಮ ಅಡಿಕೆ ಯಾವ ಲೆಕ್ಕ?"

"ಅದಕ್ಕೇ ನಾಲ್ಕು ಹಾಕಿಸಿ" ಎಂದು ಅಂಗಡಿಯವರು ಬಿಲ್ ಬರೆದೇಬಿಟ್ಟರು.

ನಾಲ್ಕೂ ಹಾಕಿದ್ದಾಯಿತು. ಮೊದಲ ರಾತ್ರಿ ಒಂದರ ಗಾಜಿನ ಮೇಲೆ ಜೇಡ ಬಲೆ ಕಟ್ಟಿತು; ಬೆಂಗಳೂರಿನಲ್ಲಿದ್ದ ಮಗನ ಮೊಬೈಲಿಗೆ ಬೆಳಗಿನವರೆಗೂ ಅಲರ್ಟ್. ಮರುರಾತ್ರಿ ಎರಡು ಗಂಟೆಗೆ ಅವನದೇ ಫೋನು.

"ಅಪ್ಪಾ, ಅಂಗಳದಲ್ಲಿ ಯಾರೋ ಕೂತಿದ್ದಾರೆ! ತಲೆಗೆ ಬೈರಾಸು!"

"ಬೊಬ್ಬೆ ಹಾಕಬೇಡ, ನಾನೇ. ಇಷ್ಟು ದುಡ್ಡಿನ ಕ್ಯಾಮೆರಾ, ಯಾರಾದ್ರೂ ಕದ್ರೆ?"